ಗಾಂಜಾ ಬಿಡುಗಡೆಗೆ ಹೊರಟವರ ಆಣೆ

ಗಾಂಜಾವನ್ನು ಇಡೀ ಜಗತ್ತಿನಲ್ಲಿ ಕಾನೂನುಬದ್ಧಗೊಳಿಸುವುದು ಹೇಗೆ ಎಂಬುದನ್ನು ನಾನು ಕಲಿತದ್ದು ಮಂಗಳೂರಿನ ಕೊಡಿಯಾಲ್‌ಬೈಲಿನ ಒಂದು ಹೋಟೆಲಿನ ಸಭಾಂಗಣದಲ್ಲಿ. ಎ.ಸಿ. ಎಷ್ಟು ತಣ್ಣಗಿತ್ತೆಂದರೆ ಗೋಳಿಬಜೆ ತಟ್ಟೆಯಿಂದ ಬಾಯಿಗೆ ಹೋಗುವಷ್ಟರಲ್ಲಿ ಆರುತ್ತಿತ್ತು. ನನ್ನದು ದುಭಾಷಿಯ ಕೆಲಸ. ಬಂದವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕೂ ತುಳುವಿಗೂ ದಾಟಿಸುವುದು, ಇಲ್ಲಿನವರು ಹೇಳಿದ್ದನ್ನು ಅವರಿಗೆ ಮುಟ್ಟಿಸುವುದು. ಎಂ.ಎ. ಮುಗಿಸಿ, ಅತಿಥಿ ಉಪನ್ಯಾಸಕಿಯಾಗಿ ಕಾಲೇಜಿನಿಂದ ಕಾಲೇಜಿಗೆ ಅಲೆದು ಸಾಕಾದ ಮೇಲೆ ಹಿಡಿದ ಕಸುಬು ಇದು. ಮೀನು ರಫ್ತಿನ ಸಭೆ, ವಿಮೆಯವರ ಸಭೆ, ಆಸ್ಪತ್ರೆಗೆ ಯಂತ್ರ ಮಾರುವವರ ಸಭೆ ಎಲ್ಲ ಕಂಡಿದ್ದೆ. ಗಾಂಜಾದವರನ್ನು ಕಂಡದ್ದು ಅದೇ ಮೊದಲು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದು ಬೀಡಿಯಷ್ಟು ಸೊಪ್ಪಿಗಾಗಿ ಕಾಲೇಜು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಅವರ ಫೋಟೊ ಊರಿಗೆಲ್ಲ ಹಂಚುವ ಕ್ರಮ ನನಗೆ ಯಾವತ್ತೂ ಸರಿ ಕಂಡದ್ದಿಲ್ಲ. ಮೂಲೆ ಮೂಲೆಗೆ ಬಾರ್ ತೆರೆಸಿ ಕುಳಿತ ಸರ್ಕಾರ ಒಂದು ಗಿಡವನ್ನು ಕಂಡು ಹೆದರಿದವರಂತೆ ಆಡುವುದು ನಗೆಪಾಟಲೇ ಸರಿ. ಕಾನೂನು ಬದಲಾಗಬೇಕು ಎನ್ನುವವರ ಜೊತೆಗೆ ನಾನು ಈಗಲೂ ಇದ್ದೇನೆ. ಆದರೆ ಅದನ್ನು ಬದಲಾಯಿಸಲು ಹೊರಟವರ ಜೊತೆ ಒಂದು ಕಾರಿನಲ್ಲಿ ಕುಳಿತದ್ದಿದೆಯಲ್ಲ, ಅದು ನನ್ನ ನಿದ್ದೆ ಕೆಡಿಸಿದೆ.

ಮುಖ್ಯ ಭಾಷಣಕಾರ ದೆಹಲಿ ಕಡೆಯ ವಕೀಲ. ಕೋರ್ಟಿಗೆ ಹೋದದ್ದಕ್ಕಿಂತ ಹೊರದೇಶದ ಸಮ್ಮೇಳನಗಳಿಗೆ ಹೋದದ್ದೇ ಜಾಸ್ತಿ ಎಂದು ಅವನ ಪರಿಚಯ ಓದಿದಾಗಲೇ ತಿಳಿಯಿತು. ಖಾದಿ ಅಂಗಿ, ಅದರ ಮೇಲೆ ಪರದೇಶದ ಸುಗಂಧ. ಜೊತೆಗೆ ಅವನ ಸಹಾಯಕಿ. ಕ್ಯಾಮೆರಾ ಕೆಲಸ ಅವಳದ್ದು. ಗೋಡೆಯ ಮೇಲೆ ಒಂದೊಂದೇ ಚಿತ್ರ ಬೀಳುತ್ತಿದ್ದಂತೆ ವಕೀಲ ತಂತ್ರಗಳನ್ನು ಬಿಡಿಸಿಟ್ಟ. ಮೊದಲು ಹೆಸರು ಬದಲಾಯಿಸಬೇಕಂತೆ. ಗಾಂಜಾ ಎನ್ನಬಾರದು, ‘ಸಸ್ಯ’ ಎನ್ನಬೇಕು. ಆಮೇಲೆ ರೋಗಿಗಳನ್ನು ಮುಂದೆ ನಿಲ್ಲಿಸಬೇಕು. ನೋವಿನಿಂದ ನರಳುವವರನ್ನು ಕಂಡರೆ ಯಾವ ಮಂತ್ರಿಯೂ ಬೇಡ ಎನ್ನಲಾರ. ಬಳಿಕ ತೆರಿಗೆಯ ಆಸೆ ತೋರಿಸಬೇಕು. ಎಲ್ಲಕ್ಕಿಂತ ಗಟ್ಟಿಯಾದದ್ದು ಪರಂಪರೆ. ಆಯಾ ಊರಿನ ಪೂಜೆ ಪುನಸ್ಕಾರದಲ್ಲಿ ಸಸ್ಯ ಎಲ್ಲಾದರೂ ಇದ್ದರೆ ಅದನ್ನು ಹುಡುಕಿ, ಚಿತ್ರ ತೆಗೆದು, ‘ಇದು ಇವರ ಧರ್ಮ, ತಡೆಯಲು ನೀವು ಯಾರು’ ಎಂದು ಕೇಳಬೇಕು. ಒಂದು ಖಂಡದಲ್ಲಿ ಹೀಗೆ ಮಾಡಿದ್ದೇವೆ, ಇನ್ನೊಂದರಲ್ಲಿ ಮಾಡಲಿದ್ದೇವೆ ಎಂದ. ಭೂಪಟದಲ್ಲಿ ಕೆಲವು ದೇಶಗಳಿಗೆ ಹಸಿರು ಬಳಿದಿತ್ತು. ನಮ್ಮ ದೇಶ ಬೂದು. ಕರಾವಳಿಯ ಮೇಲೆ ಬೆರಳಿಟ್ಟು, ‘ಇಲ್ಲಿ ಖಂಡಿತ ಏನೋ ಇರಲೇಬೇಕು’ ಎಂದ. ಇವರ ಸಂಶೋಧನೆಯ ಕ್ರಮ ಇದೇ. ಮೊದಲು ಬೇಕಾದ ಉತ್ತರ ಬರೆದುಕೊಳ್ಳುವುದು, ಆಮೇಲೆ ಅದನ್ನು ಹೇಳುವ ಊರು ಹುಡುಕುವುದು.

ಸಭೆಯಲ್ಲಿದ್ದವರು ಬೆರಳೆಣಿಕೆಯಷ್ಟು. ಅವರಲ್ಲಿ ಮುಂದಿನ ಸಾಲಿನವರು ಆ ಹೋಟೆಲಿನ ಮಾಲೀಕರು. ಹಳೆಯ ಭೂಮಾಲೀಕ ಮನೆತನ; ಜಮೀನು ಹೋಗಿ ಹೋಟೆಲು ಬಂದರೂ ಜನರ ಬಾಯಲ್ಲಿ ಇನ್ನೂ ‘ದಣಿ’. ಅವರು ಎದ್ದು ನಿಂತು ಟೈ ಸರಿಪಡಿಸಿಕೊಂಡರು.

“ನಮ್ಮಲ್ಲಿ ಉಂಟು,” ಎಂದರು. “ನಮ್ಮ ಕುಟುಂಬದ ದೈವದ ಸ್ಥಾನ ಕಾಟಿಪಳ್ಳದಿಂದ ಆಚೆ ಉಂಟಲ್ಲ, ಅಲ್ಲಿ ಅಜ್ಜನ ಕಾಲದಲ್ಲಿ ಬಂಗಿ ಇಡುತ್ತಿದ್ದರಂತೆ. ಬಂಗಿ ಅಂದ್ರೆ ಇದೇ.”

“ನೀವು ನೋಡಿದ್ದೀರಾ?” ಎಂದು ವಕೀಲ ಕೇಳಿದ. ನಾನು ದಾಟಿಸಿದೆ.

“ನೋಡ್ಲಿಕ್ಕೆ ನಾನೆಂತ ಆಗ ಹುಟ್ಟಿದ್ದೇನಾ? ಕೇಳಿದ್ದು.”

ವಕೀಲನಿಗೆ ಅಷ್ಟು ಸಾಕಾಯಿತು. ಮರುದಿನವೇ ಹೋಗುವುದೆಂದು ನಿಶ್ಚಯವಾಯಿತು. ಜಗತ್ತಿನ ಸಮ್ಮೇಳನದಲ್ಲಿ ತನ್ನ ಮನೆತನದ ಚಿತ್ರ ಬೀಳುತ್ತದೆಂಬ ಸಂತೋಷದಲ್ಲಿ ದಣಿಗಳು ಎಲ್ಲರಿಗೂ ಐಸ್‌ಕ್ರೀಮ್ ತರಿಸಿದರು.

ಬೆಳಿಗ್ಗೆ ಹೋಟೆಲಿನ ಮುಂದೆ ಬಾಡಿಗೆ ಕಾರು ನಿಂತಿತ್ತು. ಡ್ರೈವರ್ ನಲವತ್ತು ದಾಟಿದ ಮನುಷ್ಯ. ವಕೀಲ, ಸಹಾಯಕಿ, ದಣಿಗಳು ತಿಂಡಿ ಮುಗಿಸಿ ಬರುವವರೆಗೆ ನಾವಿಬ್ಬರು ನೆರಳಿನಲ್ಲಿ ನಿಂತು ಮಾತಾಡಿದೆವು. ತಂದೆಯ ಕಾಲದವರೆಗೆ ಗದ್ದೆ ಬೇಸಾಯ. ಇವರು ಗಲ್ಫಿನಲ್ಲಿ ವರ್ಷಗಟ್ಟಲೆ ಟ್ರೈಲರ್ ಓಡಿಸಿ, ಕಂಪೆನಿ ಮುಚ್ಚಿದ ಮೇಲೆ ಊರಿಗೆ ಬಂದವರು. ಈಗ ಇನ್ನೊಂದು ಕಂಪೆನಿ ಕರೆದಿದೆ.

“ವೀಸಾ ಬಂದಿದೆ ಅಕ್ಕ,” ಎಂದರು. “ಮೆಡಿಕಲ್ ಆಯ್ತು. ಇನ್ನು ಪೊಲೀಸ್ ಕ್ಲಿಯರೆನ್ಸ್ ಒಂದು ಬಂದ್ರೆ ಹಾರುವುದೇ. ಈ ಬಾಡಿಗೆಯೆಲ್ಲ ಅಲ್ಲಿವರೆಗೆ ಟೈಮ್‌ಪಾಸ್.”

“ಕ್ಲಿಯರೆನ್ಸ್‌ಗೆ ತೊಂದರೆ ಎಂತ ಇಲ್ಲವಲ್ಲ?”

“ನನ್ನ ಮೇಲೆ ಎಂತ ಉಂಟು? ಒಂದು ಹೆಲ್ಮೆಟ್ ಕೇಸು ಸಹ ಇಲ್ಲ ಮಾರಾಯ್ರೆ.” ನಕ್ಕರು. ಆ ನಗು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಆಮೇಲೆ ಅದನ್ನು ನಾನು ನೋಡಿಲ್ಲ.

ಸುರತ್ಕಲ್ ದಾಟಿ, ಕಾಟಿಪಳ್ಳದ ಮನೆಗಳ ಸಾಲು ಮುಗಿದು, ರಿಫೈನರಿಯ ಚಿಮಣಿ ಒಂದು ಬದಿಗೆ ಸರಿದ ಮೇಲೆ ಸ್ಥಾನ ಸಿಕ್ಕಿತು. ಹಂಚಿನ ಮಾಡು, ಸುತ್ತ ಮುರಕಲ್ಲಿನ ಗೋಡೆ, ಮುಂದೆ ಒಂದು ಚಪ್ಪಡಿ. ಬಾಗಿಲಿಗೆ ಬೀಗ. ಪಕ್ಕದ ಮನೆಯಲ್ಲಿ ದಣಿಗಳ ದೊಡ್ಡಮ್ಮ ಇದ್ದಾರೆ. ದೀಪ ಇಡುವುದು ಅವರ ಉಸ್ತುವಾರಿ. ವಕೀಲ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಸಹಾಯಕಿಯ ಕ್ಯಾಮೆರಾ ತಿರುಗಿಸಿ, ಸಸ್ಯದ ಬಗ್ಗೆ ಕೇಳಲು ನನಗೆ ಹೇಳಿದ. ನಾನು ತುಳುವಿನಲ್ಲಿ ಕೇಳಿದೆ.

ದೊಡ್ಡಮ್ಮ ನನ್ನನ್ನೇ ನೋಡಿದರು. “ಬಂಗಿಯಾ? ದೈವಕ್ಕಾ? ಯಾರು ಹೇಳಿದ್ದು ಮಗಾ ನಿನಗೆ? ದೈವಕ್ಕೆ ವೀಳ್ಯದೆಲೆ ಅಡಿಕೆ, ಎಳನೀರ ಬೊಂಡ, ಹೂ. ಬಂಗಿ ಸೇದುತ್ತಿದ್ದದ್ದು ಇವನ ಅಜ್ಜ. ಸೇದಿ ಅಲ್ಲೇ ಜಗಲಿಯಲ್ಲಿ ಬಿದ್ದಿರುತ್ತಿದ್ದರು. ಅದನ್ನು ದೈವದ ತಲೆಗೆ ಕಟ್ಟುದಾ?”

ದಣಿಗಳು ಕೆಮ್ಮಿದರು. ನಾನು ಅಕ್ಷರಶಃ ದಾಟಿಸಿದೆ. ವಕೀಲ ಒಂದು ಕ್ಷಣ ಯೋಚಿಸಿ, ಈ ಭಾಗ ಬೇಡ ಎಂದು ಸಹಾಯಕಿಗೆ ಸನ್ನೆ ಮಾಡಿದ. ಮುದುಕಿಯರ ನೆನಪು ಕೈಕೊಡುತ್ತದೆ, ಪರಂಪರೆಯನ್ನು ಸಮಾಜ ನಾಚಿಕೆಯಿಂದ ಅಡಗಿಸಿಡುತ್ತದೆ ಎಂದು ನನಗೆ ಪಾಠ ಹೇಳಿದ. ಇಲ್ಲ ಎಂದರೂ ಇದೆ ಎಂದೇ ಅರ್ಥ. ಇಂಥ ವಿದ್ವತ್ತನ್ನು ಸೋಲಿಸಲು ಯಾರಿಂದ ಸಾಧ್ಯ?

ದೊಡ್ಡಮ್ಮ ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಒಳಗೆ ಹೋದರು. ಆಗ ವಕೀಲ ಕಿಸೆಯಿಂದ ಒಂದು ಚಿಕ್ಕ ಪ್ಲಾಸ್ಟಿಕ್ ಪೊಟ್ಟಣ ತೆಗೆದ. ಹಿತ್ತಲಿನಿಂದ ಬಾಳೆಲೆಯ ತುಂಡು ಮುರಿದು ತಂದು, ಸ್ಥಾನದ ಮುಂದಿನ ಚಪ್ಪಡಿಯ ಮೇಲಿಟ್ಟು, ಅದರ ಮೇಲೆ ಸೊಪ್ಪು ಸುರಿದ. ಹೀಗೆ ಇರುತ್ತಿತ್ತು ಎಂದು ತೋರಿಸುವ ಮರುಸೃಷ್ಟಿಯಂತೆ. ಕಾಲಲ್ಲಿ ಶೂ ಹಾಗೇ ಇತ್ತು.

“ಸಾರ್, ಬೇಡ ಸಾರ್,” ಎಂದು ಕಾರಿನ ಹತ್ತಿರದಿಂದ ಡ್ರೈವರ್ ಕೂಗಿದರು. “ಹಾಗೆಲ್ಲ ಇಡ್ಲಿಕ್ಕಿಲ್ಲ. ದಣಿಗಳೇ, ನೀವಾದ್ರೂ ಹೇಳಿ.”

“ಒಂದು ನಿಮಿಷ ಮಾರಾಯ, ಫೋಟೊಕ್ಕೆ ಮಾತ್ರ,” ಎಂದರು ದಣಿಗಳು.

ನಮ್ಮ ಕಡೆ ದೈವದ ಮುಂದೆ ಒಂದು ಎಸಳು ಹೂ ಹೆಚ್ಚು ಇಡಬೇಕಾದರೂ ಕುಟುಂಬದವರೆಲ್ಲ ಸೇರಿ, ಜೋಯಿಸರಲ್ಲಿ ಪ್ರಶ್ನೆ ಕೇಳಿಸಿ, ಅಪ್ಪಣೆ ಪಡೆಯುವ ಪದ್ಧತಿ. ನಂಬುವುದು ಬಿಡುವುದು ಬೇರೆ ಮಾತು. ನಾನೇ ನಂಬುವವಳಲ್ಲ. ಆದರೆ ಬೇರೆಯವರ ಅಡುಗೆಮನೆಗೆ ನುಗ್ಗಿ ಪಾತ್ರೆಗೆ ಕೈ ಹಾಕಬಾರದು ಎನ್ನುವಷ್ಟು ತಿಳಿವಳಿಕೆಗೆ ನಂಬಿಕೆ ಯಾಕೆ ಬೇಕು?

ದಾರಿಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಫೋನು ತೆಗೆದರು. ಕ್ಯಾಮೆರಾ, ಶೂ, ಬಾಳೆಲೆ, ಸೊಪ್ಪು ಎಲ್ಲ ಅವರಿಗೆ ಒಂದೇ ನೋಟಕ್ಕೆ ಕಂಡಿತು. ಮತ್ತೆ ಜನ ಸೇರಲು ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. ಅವರು ಬರುತ್ತಿರುವುದು ಕಂಡು ಸಹಾಯಕಿ ಸೊಪ್ಪನ್ನು ಪೊಟ್ಟಣಕ್ಕೆ ತುಂಬಿ, ಕಾರಿನ ಮುಂದಿನ ಬಾಗಿಲು ತೆರೆದು, ಡ್ಯಾಶ್‌ಬೋರ್ಡಿನ ಖಾನೆಗೆ ತುರುಕಿದಳು. ನಾನು ಹಿಂದಿನ ಸೀಟಿನಲ್ಲಿ ಕುಳಿತಾಗಿತ್ತು. ಅವಳ ಕೈ, ಪೊಟ್ಟಣ, ಖಾನೆಯ ಮುಚ್ಚಳ ಎಲ್ಲ ನನ್ನ ಕಣ್ಣೆದುರಿಗೇ ನಡೆಯಿತು. ಡ್ರೈವರ್ ಆಗ ಕಾರಿನ ಆಚೆ ಬದಿ ದಣಿಗಳ ಜೊತೆ ವಾದಿಸುತ್ತಿದ್ದರು. ಅವರಿಗೆ ಏನೂ ಕಾಣಲಿಲ್ಲ.

ಹೊರಡಲು ನೋಡಿದೆವು. ಕಾರು ಒಂದು ಮಾರು ಮುಂದೆ ಹೋಗಿರಬಹುದು. ಬಾನೆಟ್ಟಿನ ಮೇಲೆ ಏಟು ಬಿತ್ತು. ಡ್ರೈವರ್ ಬದಿಯ ಗಾಜಿನಿಂದ ಒಂದು ಕೈ ಒಳಗೆ ಬಂದು ಕೀ ಕಿತ್ತಿತು. ನನ್ನ ಬದಿಯ ಗಾಜಿಗೆ ಒಬ್ಬ ಅಂಗೈ ಒತ್ತಿ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಹುಲ್ಲು ಕೊಯ್ಯುವ ಕತ್ತಿ. ಅದನ್ನು ಅವನು ಎತ್ತಲಿಲ್ಲ, ಬೀಸಲೂ ಇಲ್ಲ. ಹುಲ್ಲು ಕೊಯ್ಯುವಲ್ಲಿಂದ ಹಾಗೇ ಎದ್ದು ಬಂದಿದ್ದ, ಅಷ್ಟೆ. ಇದನ್ನು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೂ ಮೀನು ಕೊಯ್ಯುವಾಗ, ಬಸ್ಸಿನ ಕಿಟಕಿಗೆ ಹೊರಗಿನಿಂದ ಯಾರಾದರೂ ಕೈಯಿಟ್ಟಾಗ, ಎದೆ ಒಮ್ಮೆ ನಿಂತೇ ಮುಂದಕ್ಕೆ ಹೋಗುತ್ತದೆ. ಕೈ ಒತ್ತಿದ ಜಾಗದಲ್ಲಿ ಗಾಜಿಗೆ ಮಂಜು ಹಿಡಿದಂತಾಗಿತ್ತು. ಬಾಗಿಲು ಬಡಿಯುತ್ತಿದ್ದವರಲ್ಲಿ ಕೆಲವರ ಬಾಯಿಂದ ಬೆಳಗ್ಗಿನ ಸರಾಯಿ ವಾಸನೆ ಬರುತ್ತಿತ್ತು. ಊರನ್ನು ಅಮಲಿನಿಂದ ಕಾಪಾಡಲು ಬಂದ ಶೂರರು ಇವರು.

ಖಾನೆ ತೆರೆದರು. ಪೊಟ್ಟಣ ಸಿಕ್ಕಿತು.

“ಯಾರದ್ದು ಇದು?”

ಹಿಂದಿನ ದಿನ ಮಧ್ಯಾಹ್ನದವರೆಗೂ ಸಸ್ಯದ ಹಕ್ಕು, ಮನುಷ್ಯನ ಹಕ್ಕು, ಹೆದರದೆ ಎದ್ದು ನಿಲ್ಲುವ ಹಕ್ಕು ಎಂದು ಕೂಗಿದ ವಕೀಲ ತನ್ನ ಶೂಗಳನ್ನು ನೋಡುತ್ತಿದ್ದ.

“ಗಾಡಿ ಯಾರದ್ದೋ, ಮಾಲೂ ಅವನದ್ದೇ,” ಎಂದ ಒಬ್ಬ, ಡ್ರೈವರನ ಕಾಲರ್ ಹಿಡಿದು.

“ಅವರದ್ದಲ್ಲ,” ಎಂದೆ ನಾನು ಕೆಳಗಿಳಿದು. “ಇವರು ಇಟ್ಟದ್ದು. ನಾನು ನೋಡಿದ್ದೇನೆ.”

“ನೀವು ಯಾರು?”

“ದುಭಾಷಿ.”

“ಓ, ಸಂಬಳಕ್ಕೆ ಮಾತಾಡುವವರು!” ಎಂದ ಕತ್ತಿಯವನು. ಎಲ್ಲರೂ ನಕ್ಕರು.

ಗುಂಪಿನಲ್ಲಿ ಹಿರಿಯನೊಬ್ಬ ಕೈಯೆತ್ತಿ ಸದ್ದಡಗಿಸಿದ. “ಜಗಳ ಬೇಡ. ದೈವದ ಎದುರಿಗೇ ಇದ್ದೇವಲ್ಲ. ಚಪ್ಪಡಿ ಮುಟ್ಟಿ ಆಣೆ ಹಾಕ್ಲಿ. ಹಾಕದವನದ್ದು ಮಾಲು.”

ಏನು ಹೇಳುತ್ತಿದ್ದಾರೆ ಎಂದು ವಕೀಲ ನನ್ನನ್ನು ಕೇಳಿದ. ಹೇಳಿದೆ. ಅವನ ಮುಖದಲ್ಲಿ ಬಂದ ನಿರಾಳವನ್ನು ನಾನು ಸಾಯುವವರೆಗೆ ಮರೆಯಲಾರೆ. ಇಷ್ಟೇನಾ ಎಂದ. ಶೂ ಕಳಚಿದ, ಅಷ್ಟು ಹೊತ್ತು ನೆನಪಾಗದ ಮರ್ಯಾದೆ ಈಗ ನೆನಪಾಯಿತು. ಬಾವಿಕಟ್ಟೆಯಲ್ಲಿ ಕಾಲು ತೊಳೆದ. ಚಪ್ಪಡಿಯ ಮೇಲೆ ಎರಡೂ ಕೈಯಿಟ್ಟು, ಕಣ್ಣು ಮುಚ್ಚಿ, ಈ ಪೊಟ್ಟಣ ತನ್ನದಲ್ಲ, ಎಲ್ಲಿಂದ ಬಂತೆಂದು ಗೊತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಆಣೆ ಹಾಕಿದ. ಅದನ್ನು ತುಳುವಿಗೆ ದಾಟಿಸು ಎಂದು ನನ್ನ ಕಡೆ ಕಣ್ಣು ತೆರೆದ. ನಾನು ದಾಟಿಸಲಿಲ್ಲ, ದಣಿಗಳು ದಾಟಿಸಿದರು. ಸಹಾಯಕಿಯೂ ಹಾಗೆಯೇ ಮಾಡಿದಳು, ತುಸು ಅಳುತ್ತಾ. ಅದರಿಂದ ಪರಿಣಾಮ ಇನ್ನೂ ಚೆನ್ನಾಯಿತು. ದಣಿಗಳು ಮಾತ್ರ ಬಹಳ ಜಾಗ್ರತೆಯಿಂದ, “ಅದು ನನ್ನದಲ್ಲ” ಎಂಬ ಒಂದೇ ಮಾತು ಹೇಳಿ ಕೈ ತೆಗೆದರು. ನಿಜವೇ. ಯಾರದ್ದೆಂದು ಗೊತ್ತು ಎನ್ನುವುದು ಆಣೆಯಲ್ಲಿ ಬರಲಿಲ್ಲ.

ನಾನೂ ಹಾಕಿದೆ. ಕಲ್ಲು ಬಿಸಿಲಿಗೆ ಕಾದಿತ್ತು. ನೋಡಿದ್ದನ್ನು ನೋಡಿದ ಹಾಗೇ ಹೇಳಿದೆ. ಆದರೆ ಮೂವರ ಆಣೆಗೆ ಎದುರು ಒಂದು ಆಣೆ, ಅದೂ ಸಂಬಳದವಳದ್ದು.

“ಇನ್ನು ನೀನು,” ಎಂದರು ಡ್ರೈವರಿಗೆ.

ಡ್ರೈವರ್ ಅಲ್ಲಾಡಲಿಲ್ಲ. “ನಾನು ಹಾಕುದಿಲ್ಲ.”

“ಎಂತಕ್ಕೆ? ನಿನ್ನದಲ್ಲ ಅಂತಾದ್ರೆ ಹಾಕು.”

“ನನ್ನದಲ್ಲ. ಆದ್ರೂ ಹಾಕುದಿಲ್ಲ. ಸತ್ಯಕ್ಕೂ ಆಣೆ ಹಾಕ್ಲಿಕ್ಕಿಲ್ಲ ಅಂತ ನಮ್ಮ ಮನೆಯಲ್ಲಿ ಉಂಟು. ನನ್ನ ಮಾವ ಒಮ್ಮೆ ಗಡಿಕಲ್ಲಿನ ವಿಷಯಕ್ಕೆ ಹಾಕಿದ್ದು. ಸತ್ಯವೇ ಹೇಳಿದ್ದು. ಆದ್ರೂ ಆಣೆ ಮನೆಗೆ ತಟ್ಟಿತು, ಅದನ್ನು ಬಿಡಿಸ್ಲಿಕ್ಕೆ ಮನೆಯವರೆಲ್ಲ ಎಷ್ಟು ಕಷ್ಟಪಟ್ಟಿದ್ದಾರೆ ನನಗೆ ಗೊತ್ತುಂಟು. ಪೊಲೀಸರನ್ನು ಕರೆಯಿರಿ. ಮೂತ್ರ ಕೊಡ್ತೇನೆ, ರಕ್ತ ಕೊಡ್ತೇನೆ, ಎಂತ ಟೆಸ್ಟ್ ಬೇಕಾದ್ರೂ ಮಾಡ್ಲಿ. ಆಣೆ ಬೇಡ.”

ಹತ್ತಿರವಿದ್ದವನೊಬ್ಬ ಅವರ ಕೆನ್ನೆಗೆ ಬಾರಿಸಿದ. ಇನ್ನೊಬ್ಬ ಅದನ್ನು ಫೋನಿನಲ್ಲಿ ತೆಗೆದ. ಆಣೆಗೆ ಹೆದರುವುದು ಸುಳ್ಳನೊಬ್ಬನೇ ಎಂದು ಅಲ್ಲಿದ್ದವರಿಗೆ ಖಾತ್ರಿ. ಅವರೆಲ್ಲ ಅದೇ ಮಣ್ಣಿನವರು. ಸತ್ಯಕ್ಕೂ ಆಣೆ ಹಾಕಬಾರದು ಎಂದು ಅವರ ಮನೆಯ ಹಿರಿಯರೂ ಹೇಳಿಯೇ ಇರುತ್ತಾರೆ. ಆದರೆ ಗುಂಪಾಗಿ ನಿಂತ ಮೇಲೆ ಮನೆಯ ಮಾತು ಯಾರಿಗೆ ನೆನಪಿರುತ್ತದೆ? ಕಾಲು ತೊಳೆದುಕೊಂಡು ಬಂದು ಸುಳ್ಳು ಹೇಳಿದವನಿಗೆ ಒಬ್ಬರು ನೀರು ಕುಡಿಯಲು ಕೊಟ್ಟರು.

ಪೊಲೀಸರಿಗೆ ಫೋನು ಮಾಡಿದ್ದು ದೊಡ್ಡಮ್ಮ. ಜೀಪು ಬಂದದ್ದೇ ಶೂರರಲ್ಲಿ ಅರ್ಧದಷ್ಟು ಮಂದಿ ಕರಗಿದರು. ನಮ್ಮೆಲ್ಲರನ್ನೂ ಠಾಣೆಗೆ ಕರೆದುಕೊಂಡು ಹೋದರು. ಪರೀಕ್ಷೆ ಆಯಿತು. ಡ್ರೈವರರದ್ದು, ನನ್ನದು, ದಣಿಗಳದ್ದು ಖಾಲಿ. ವಕೀಲನದ್ದೂ ಸಹಾಯಕಿಯದ್ದೂ ತುಂಬಿ ತುಳುಕುತ್ತಿತ್ತು. ನಾನು ನೋಡಿದ್ದನ್ನು ಮತ್ತೊಮ್ಮೆ ಹೇಳಿ ಸಹಿ ಹಾಕಿದೆ. ಅಲ್ಲಿ ಯಾರೂ ಸಂಬಳದ ಮಾತು ಎನ್ನಲಿಲ್ಲ. ಅಲ್ಪ ಪ್ರಮಾಣ, ಜಾಮೀನು ಸಿಗುವ ಅಪರಾಧ. ದಣಿಗಳು ಕಳಿಸಿದ ವಕೀಲರು ಸಂಜೆಯೊಳಗೆ ಅವರಿಬ್ಬರನ್ನೂ ಬಿಡಿಸಿದರು. ಮರುದಿನ ಇಬ್ಬರೂ ವಿಮಾನ ಹತ್ತಿ ಹೋದರು.

ಡ್ರೈವರ್ ಆರೋಪಿಯಾಗಲಿಲ್ಲ. ಅವರನ್ನು ಸಾಕ್ಷಿ ಮಾಡಿದರು. ಕೇಳಲು ಇದು ಗೌರವದ ಮಾತು. ಆದರೆ ಹೆಸರು ಕೇಸಿನ ಕಾಗದಗಳೊಳಗೆ ಹೋಯಿತು. ಕೆನ್ನೆಗೆ ಏಟು ಬಿದ್ದ ವೀಡಿಯೊ ‘ಗಾಂಜಾ ಡ್ರೈವರ್‌ಗೆ ಧರ್ಮದೇಟು’ ಎಂಬ ತಲೆಬರಹದೊಂದಿಗೆ ಊರಿನ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಿಗೂ ಹೋಯಿತು. ಅವರ ಮಗಳ ಶಾಲೆಯ ಗುಂಪಿಗೂ ಹೋಯಿತು. ಕ್ಲಿಯರೆನ್ಸಿನ ಅರ್ಜಿ ‘ಪರಿಶೀಲನೆಯಲ್ಲಿದೆ’ ಎಂದು ನಿಂತಿತು. ವೀಸಾಕ್ಕೆ ಗಡುವು ಇತ್ತು. ಅದು ಯಾರ ಪರಿಶೀಲನೆಗೂ ಕಾಯುವುದಿಲ್ಲ.

ಆ ದಿನಗಳಲ್ಲಿ ನಾನು ಅವರ ಜೊತೆ ಕಚೇರಿಗಳಿಗೆ ಹೋಗುತ್ತಿದ್ದೆ. ಅವರು ಕರೆದದ್ದಲ್ಲ. ಮನೆಯಲ್ಲಿ ಒಬ್ಬಳೇ ಕುಳಿತರೆ ಗಾಜಿನ ಮೇಲಿನ ಆ ಕೈ ಬರುತ್ತಿತ್ತು. ಎಲ್ಲಿ ಹೋದರೂ ಒಂದೇ ಪ್ರಶ್ನೆ: “ಆ ಗಾಂಜಾ ವೀಡಿಯೊದವನಾ?” “ಅಲ್ಲ ಸಾರ್, ಸಾಕ್ಷಿ,” ಎನ್ನುತ್ತಿದ್ದರು ಅವರು. “ಎರಡೂ ಒಂದೇ ಕೇಸಲ್ವಾ ಮಾರಾಯ? ಬರುವ ವಾರ ಬನ್ನಿ.”

ಒಂದು ದಿನ ಹಾಗೆ ಬೆಂಚಿನಲ್ಲಿ ಕಾಯುತ್ತಿದ್ದಾಗ ವಕೀಲ ನನಗೆ ಫೋನು ಮಾಡಿದ. ದನಿಯಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ. ಮಂಗಳೂರಿನ ಅನುಭವದಿಂದ ತಾವು ಬಹಳ ಕಲಿತೆವಂತೆ. ಪರಂಪರೆಯ ತಂತ್ರ ಈ ಪ್ರದೇಶಕ್ಕೆ ಹೊಂದಲಿಲ್ಲವಂತೆ. ಆದರೆ ಅದಕ್ಕಿಂತ ಬಲವಾದದ್ದು ಸಿಕ್ಕಿದೆಯಂತೆ. ಏನೂ ತಪ್ಪು ಮಾಡದ ಬಡವನೊಬ್ಬ ಕೆಟ್ಟ ಕಾನೂನಿನಿಂದ ಹೇಗೆ ನಾಶವಾಗುತ್ತಾನೆ ಎಂಬುದಕ್ಕೆ ನಿಮ್ಮ ಡ್ರೈವರಿಗಿಂತ ಒಳ್ಳೆಯ ಮುಖ ಇಲ್ಲ ಎಂದ. ಹೊರದೇಶದ ಸಮ್ಮೇಳನಕ್ಕೆ ಅವನ ವೀಡಿಯೊ ಬೇಕು. ತುಳುವಿನಲ್ಲೇ ಮಾತಾಡಲಿ, ನೀವು ದಾಟಿಸಿ, ಅದು ಇನ್ನೂ ನೈಜವಾಗಿ ಬರುತ್ತದೆ. ಆ ಆಣೆ ಹಾಕಿದಿರಲ್ಲ ಎಂದು ನಾನು ಕೇಳಿದೆ. ಅದು ಪ್ರಾಣಭಯದ ಸಂದರ್ಭ, ಅದನ್ನು ನೈತಿಕವಾಗಿ ನೋಡಬಾರದು ಎಂದ. ಹೆದರಿದ್ದು ನಾವೆಲ್ಲರೂ. ಆದರೆ ಹೆದರಿಕೆಯ ಬಿಲ್ಲನ್ನು ಮುಂದಿನ ಸೀಟಿನವನಿಗೆ ದಾಟಿಸಿದ್ದು ಅವನೂ ಅವನ ಸಹಾಯಕಿಯೂ ಮಾತ್ರ.

ಫೋನಿನ ಬಾಯಿಗೆ ಕೈ ಮುಚ್ಚಿ ವಿಷಯವನ್ನು ಡ್ರೈವರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಆ ಸಮ್ಮೇಳನದಲ್ಲಿ ಕ್ಲಿಯರೆನ್ಸ್ ಕೊಡುವವರು ಯಾರಾದ್ರೂ ಕೂತಿರ್ತಾರಾ ಅಕ್ಕ?”

“ಇಲ್ಲ.”

“ವೀಸಾ ಕೊಡುವವರು?”

“ಇಲ್ಲ. ಎಲ್ಲ ಇವನ ಹಾಗಿನವರೇ.”

“ಹಾಗಾದ್ರೆ ಹೇಳಿ,” ಎಂದು ಅವರು ತುಳುವಿಗೆ ತಿರುಗಿ ಮೆಲ್ಲಗೆ ಮಾತಾಡಿದರು. ಬೆಂಚಿನ ಮೇಲಿದ್ದ ಇತರರು ನಮ್ಮನ್ನು ನೋಡಲು ಶುರುಮಾಡಿದ್ದರು. ನಾನು ನನ್ನ ಕಸುಬಿನಲ್ಲಿ ಅಂಥ ನಿಷ್ಠೆಯಿಂದ ಎಂದೂ ದಾಟಿಸಿದ್ದಿಲ್ಲ. ಒಂದು ಪದ ಮೃದುಮಾಡಲಿಲ್ಲ, ಒಂದು ಬೈಗುಳ ಬಿಡಲಿಲ್ಲ. ಬೈಗುಳಗಳನ್ನು ಇಲ್ಲಿ ಬರೆಯಲಾರೆ. ಉಳಿದದ್ದು ಇಷ್ಟು: ನಿಮ್ಮ ಗಿಡಕ್ಕೆ ಬಿಡುಗಡೆ ಆಗಲಿ, ಬೇಡ ಎನ್ನುವವನು ನಾನಲ್ಲ, ಆದರೆ ಅದರ ಬುಡಕ್ಕೆ ಹಾಕಲು ಗೊಬ್ಬರ ಬೇಕಾದರೆ ನಿಮ್ಮ ದನದ ಹಟ್ಟಿಯಿಂದ ತನ್ನಿ, ನನ್ನ ಮನೆಯಿಂದ ಸಿಗುವುದಿಲ್ಲ.

ವಕೀಲ ಇದನ್ನೇ ಕ್ಯಾಮೆರಾ ಮುಂದೆ ಹೇಳುತ್ತಾನಾ ಎಂದು ಕೇಳಿದ. ನಾನು ಫೋನು ಇಟ್ಟೆ.

ಕ್ಲಿಯರೆನ್ಸ್ ಬಂತು. ಅವರ ಮೇಲೆ ಯಾವ ಮೊಕದ್ದಮೆಯೂ ಇಲ್ಲ ಎಂದು ಸ್ಪಷ್ಟವಾಗಿ ಬರೆದು, ಮೊಹರು ಒತ್ತಿ ಕೊಟ್ಟರು. ನಾವು ಅದಕ್ಕಾಗಿ ಸಾಲಿನಲ್ಲಿ ನಿಂತಿದ್ದಾಗಲೇ ಮುಂಬೈ ಏಜೆಂಟನ ದನಿಸಂದೇಶ ಬಂದಿತ್ತು: ಗಡುವು ದಾಟಿತು, ಕಂಪೆನಿ ಬೇರೆಯವರನ್ನು ತೆಗೆದುಕೊಂಡಿತು, ಬೇಸರ ಮಾಡಬೇಡಿ ಭಾಯ್. ಅದನ್ನು ಕೇಳಿದ ಮೇಲೂ ಅವರು ಸಾಲು ಬಿಡಲಿಲ್ಲ. ತಮ್ಮ ಸರದಿ ಬರುವವರೆಗೆ ನಿಂತು, ಸಹಿ ಹಾಕಿ, ಕಾಗದ ತೆಗೆದುಕೊಂಡರು.

“ಇನ್ನು ಇದು ಯಾಕೆ ಅಣ್ಣ?” ಎಂದೆ.

“ಮಗಳ ಶಾಲೆಗೆ ತೋರಿಸ್ಲಿಕ್ಕೆ,” ಎಂದರು. “ಅಲ್ಲಿ ವೀಡಿಯೊ ನೋಡಿದವರಿದ್ದಾರಲ್ಲ.”

ಆಮೇಲೆ ಅವರು ಹಂಪನಕಟ್ಟೆಯ ಕಡೆ ಹೋಗುವ ಬಸ್ಸಿಗೆ ಕೈ ತೋರಿಸಿದರು. ಅವರ ಬಾಡಿಗೆ ಕಾರನ್ನು ಟ್ರಾವೆಲ್ಸಿನವರು ಬೇರೆ ಡ್ರೈವರಿಗೆ ಕೊಟ್ಟಾಗಿತ್ತು.